ಮಾತ್ರೆ ಎಣಿಸಿ ಕೊಡುವುದಷ್ಟೇ ಕಲಿಕೆಯಲ್ಲ

ಕೊಡಗಿನ ಹಿರಿಯ ರೋಗಿಯೊಬ್ಬರ ಔಷಧ ಚೀಟಿಗಳನ್ನು ಮೇಜಿನ ಮೇಲೆ ಹರಡಿದರೆ ಅವು ಒಂದೇ ಊರಿನವು ಆಗಿರುವುದು ಅಪರೂಪ. ಹೃದಯಕ್ಕೆ ತೋರಿಸಿದ್ದು ಮೈಸೂರಿನಲ್ಲಿ, ಕಿಡ್ನಿಗೆ ಮಂಗಳೂರಿನಲ್ಲಿ, ವಿರಾಜಪೇಟೆ ಕಡೆಯವರಾದರೆ ಕಣ್ಣೂರಿನಲ್ಲಿ. ಬಿಪಿ, ಶುಗರ್ ಮಾತ್ರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ್ದು. ಮೈಕೈ ನೋವಿನ ಮಾತ್ರೆಯನ್ನು ಚೀಟಿಯೇ ಇಲ್ಲದೆ ಸಂತೆಯ ದಿನ ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆದಿರುತ್ತಾರೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಎಂದು 2019ರಲ್ಲಿ ಕೊಡಗಿನವರು ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನ ನಡೆಸಿದ್ದು ಈ ಅಲೆದಾಟದಿಂದ ಬೇಸತ್ತೇ. ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೂ ತಜ್ಞರನ್ನು ಹುಡುಕಿಕೊಂಡು ನೂರಾರು ಕಿಲೋಮೀಟರ್ ಹೋಗುವುದು ನಿಂತಿಲ್ಲ. ಆದರೆ ಈ ಅಲೆದಾಟದ ಒಂದು ಪರಿಣಾಮದ ಬಗ್ಗೆ ನಾವು ಮಾತನಾಡುವುದೇ ಕಡಿಮೆ. ಬೇರೆ ಬೇರೆ ಊರಿನ ವೈದ್ಯರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬರೆದ ಔಷಧಗಳೆಲ್ಲ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗವೊಂದಿದ್ದರೆ ಅದು ಊರಿನ ಮೆಡಿಕಲ್ ಶಾಪಿನ ಕೌಂಟರ್. ಅಲ್ಲಿ ನಿಂತವರಿಗೆ ಆ ಔಷಧಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಗುರುತಿಸುವ ತಿಳಿವಳಿಕೆ ಇರಬೇಕು. ಅದನ್ನು ಕಲಿಸುವ ಕಾಲ ಅವರು ತರಬೇತಿಯಲ್ಲಿರುವಾಗಲೇ. ಕೊಡಗಿನಂಥ ಜಿಲ್ಲೆಯಲ್ಲಿ ಫಾರ್ಮಾಸಿಸ್ಟ್ ತರಬೇತಿ ಅಂಗಡಿಯ ಕೆಲಸ ಕಲಿಯುವುದರಿಂದ ರೋಗಿಯ ಸುರಕ್ಷತೆಯ ಕೆಲಸ ಕಲಿಯುವುದಕ್ಕೆ ಹೊರಳಲೇಬೇಕು ಎಂಬುದು ನನ್ನ ವಾದ.

ಔಷಧದಿಂದ ಆಗುವ ಹಾನಿ ಎಂದರೆ ಎಲ್ಲೋ ಅಪರೂಪಕ್ಕೆ ಆಗುವ ಅಲರ್ಜಿ ಎಂದು ಅನೇಕರು ತಿಳಿದಿದ್ದಾರೆ. ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ. ಇಂಗ್ಲೆಂಡಿನ ಎರಡು ಆಸ್ಪತ್ರೆಗಳಿಗೆ ದಾಖಲಾದ 18,820 ರೋಗಿಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಾಖಲಾತಿಗಳ ಪೈಕಿ ಶೇ 6.5ರಷ್ಟು ಔಷಧದ ದುಷ್ಪರಿಣಾಮಕ್ಕೆ ಸಂಬಂಧಪಟ್ಟವು ಎಂದು ಕಂಡುಬಂತು. ಅವುಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾಗಿದ್ದಂಥವು. ತೊಂದರೆ ಕೊಟ್ಟವೂ ಹೊಸ ಔಷಧಗಳಲ್ಲ: ಆಸ್ಪಿರಿನ್, ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್, ನೋವಿನ ಮಾತ್ರೆಗಳು. ಅಮೆರಿಕದಲ್ಲಿ 65 ದಾಟಿದವರು ಔಷಧದ ಹಾನಿಯಿಂದ ತುರ್ತಾಗಿ ಆಸ್ಪತ್ರೆ ಸೇರಿದ ಪ್ರಕರಣಗಳನ್ನು ನೋಡಿದ 2011ರ ಅಧ್ಯಯನದಲ್ಲಿ ಸುಮಾರು ಮೂರನೇ ಎರಡು ಭಾಗಕ್ಕೆ ನಾಲ್ಕೇ ಬಗೆಯ ಔಷಧಗಳು ಕಾರಣವಾಗಿದ್ದವು: ವಾರ್ಫರಿನ್, ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ಮಾತ್ರೆಗಳು ಮತ್ತು ಶುಗರ್ ಮಾತ್ರೆಗಳು. ಸೋಮವಾರಪೇಟೆ, ಗೋಣಿಕೊಪ್ಪ, ಕುಶಾಲನಗರದ ಯಾವ ಮೆಡಿಕಲ್ ಶಾಪಿನ ಕಪಾಟಿನಲ್ಲೂ ಇವುಗಳ ಬಹುಪಾಲು ಇದ್ದೇ ಇರುತ್ತದೆ. ಅಪಾಯ ಕೆಲವೇ ಔಷಧಗಳ ಸುತ್ತ ಸೇರಿಕೊಂಡಿದೆ ಎಂಬುದು ಕಲಿಸುವವರಿಗೆ ಒಳ್ಳೆಯ ಸುದ್ದಿ. ಸಾವಿರಾರು ಔಷಧಗಳನ್ನು ಬಾಯಿಪಾಠ ಮಾಡಿಸಬೇಕಿಲ್ಲ. ಇಪ್ಪತ್ತು, ಮೂವತ್ತು ಔಷಧಗಳ ವಿಷಯದಲ್ಲಿ ಎಚ್ಚರ ಮೂಡಿಸಿದರೆ ಹಾನಿಯ ದೊಡ್ಡ ಭಾಗವನ್ನು ತಡೆಯಬಹುದು.

ಕಾನೂನು ಈ ಹೊಣೆಯನ್ನು ಫಾರ್ಮಾಸಿಸ್ಟರ ಹೆಗಲಿಗೆ ಈಗಾಗಲೇ ಹಾಕಿದೆ. ನೋಂದಾಯಿತ ಫಾರ್ಮಾಸಿಸ್ಟ್ ಅಲ್ಲದವರು ವೈದ್ಯರ ಚೀಟಿಗೆ ಔಷಧ ವಿತರಿಸುವಂತಿಲ್ಲ ಎಂದು 1948ರ ಫಾರ್ಮಸಿ ಕಾಯ್ದೆ ಹೇಳುತ್ತದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಇನ್ನೂ ಮುಂದೆ ಹೋಗಿದೆ. ಚೀಟಿಯನ್ನು ಪರಿಶೀಲಿಸಬೇಕು, ಔಷಧ ಯಾವುದು, ಹೇಗೆ, ಎಷ್ಟು ದಿನ ತೆಗೆದುಕೊಳ್ಳಬೇಕು, ಯಾವ ಅಡ್ಡಪರಿಣಾಮ ಕಂಡರೆ ಎಚ್ಚರವಾಗಬೇಕು, ಎಲ್ಲಿಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂದು ರೋಗಿಗೆ ತಿಳಿಸಬೇಕು ಎಂದು ಅದು ವಿಧಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದಿಂದಾಗುವ, ತಪ್ಪಿಸಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸುವ ಗುರಿ ಘೋಷಿಸಿತು. 2022ರ ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನವನ್ನು ಔಷಧ ಸುರಕ್ಷತೆಗೇ ಮೀಸಲಿಟ್ಟಿತು. ನಿಯಮಕ್ಕೂ ಘೋಷಣೆಗೂ ಕೊರತೆಯಿಲ್ಲ. ನಿಯಮ ಕೇಳುವ ಕೆಲಸವನ್ನು ಮಾಡಬಲ್ಲ ಕೈಗಳನ್ನು ತಯಾರು ಮಾಡುವಲ್ಲಿ ಕೊರತೆ ಇದೆ.

ಮೆಡಿಕಲ್ ಶಾಪ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಡಿ.ಫಾರ್ಮ್ ಓದಿದವರು. ಎರಡು ವರ್ಷ ಕಾಲೇಜು, ಬಳಿಕ ಕನಿಷ್ಠ ಮೂರು ತಿಂಗಳಲ್ಲಿ ಹರಡಿದ 500 ಗಂಟೆಗಳ ಪ್ರಾಯೋಗಿಕ ತರಬೇತಿ, ಇದು ಅವರ ಓದಿನ ಚೌಕಟ್ಟು. 2020ರಲ್ಲಿ ಬಂದ ಹೊಸ ಪಠ್ಯಕ್ರಮ ನಿಜಕ್ಕೂ ಒಳ್ಳೆಯದು. ಅದರಲ್ಲಿ ರೋಗ ಮತ್ತು ಚಿಕಿತ್ಸೆ, ಆಸ್ಪತ್ರೆ ಫಾರ್ಮಸಿ, ಸಮುದಾಯ ಫಾರ್ಮಸಿ, ಸಾಮಾಜಿಕ ಆರೋಗ್ಯ ಎಲ್ಲಕ್ಕೂ ಜಾಗವಿದೆ. ಡಿಪ್ಲೊಮಾ ಮುಗಿಸಿದವರಿಗೆ ನಿರ್ಗಮನ ಪರೀಕ್ಷೆ ನಡೆಸುವ ನಿಯಮ 2022ರಲ್ಲಿ ಬಂತು. ಆದರೆ ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆ ಪುಸ್ತಕದ ಜ್ಞಾನವನ್ನು ಅಳೆಯಬಲ್ಲದೇ ಹೊರತು, ಎದುರಿಗಿರುವ ರೋಗಿಯ ಮಾತು ಕೇಳಿ ಅಪಾಯ ಗುರುತಿಸುವ ಶಕ್ತಿಯನ್ನಲ್ಲ. ಆ ಶಕ್ತಿ ಬೆಳೆಯಬೇಕಾದದ್ದು ಆ 500 ಗಂಟೆಗಳಲ್ಲೇ. ಅಲ್ಲಿ ತರಬೇತಿಯ ಹುಡುಗ ಹುಡುಗಿಯರು ಕಲಿಯುವುದೇನು? ಯಾವ ಕಂಪನಿಯ ಮಾತ್ರೆ ಯಾವ ಅರೆಯಲ್ಲಿದೆ, ಅವಧಿ ಮೀರಿದ ಸರಕನ್ನು ಹೇಗೆ ವಾಪಸ್ ಕಳಿಸಬೇಕು, ಬಿಲ್ ಹೇಗೆ ಹಾಕಬೇಕು, ಸ್ಟ್ರಿಪ್ ಕತ್ತರಿಸಿ ಕವರಿನ ಮೇಲೆ 1-0-1 ಎಂದು ಹೇಗೆ ಬರೆಯಬೇಕು. ಇವೂ ಬೇಕಾದ ಕೆಲಸಗಳೇ. ತರಬೇತಿ ಇಷ್ಟರಲ್ಲೇ ಮುಗಿದುಬಿಟ್ಟರೆ ಮಾತ್ರ ಓದಿದ ಔಷಧಶಾಸ್ತ್ರ ರೋಗಿಯ ಹತ್ತಿರ ಬರುವುದೇ ಇಲ್ಲ.

ಏನು ಕಲಿಸಬೇಕು ಎಂಬುದಕ್ಕೆ ತೋಟದ ಕೆಲಸದವರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ದಿನವಿಡೀ ಬಗ್ಗಿ, ಏಣಿ ಹತ್ತಿ, ಮೂಟೆ ಹೊತ್ತ ಮೈಗೆ ನೋವು ತಪ್ಪಿದ್ದಲ್ಲ. ಐವತ್ತು ದಾಟಿದವರೊಬ್ಬರಿಗೆ ಬಿಪಿಗೆಂದು ಟೆಲ್ಮಿಸಾರ್ಟನ್ ಜತೆಗೆ ಮೂತ್ರ ಹೆಚ್ಚಿಸುವ ಔಷಧ ಸೇರಿದ ಮಾತ್ರೆ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಅವರು ಬಂದು ಸೊಂಟನೋವಿಗೆ ಡೈಕ್ಲೊಫೆನಾಕ್ ಕೇಳುತ್ತಾರೆ. ಈ ಮೂರು ಬಗೆಯ ಔಷಧಗಳು ಒಬ್ಬರ ಮೈಯಲ್ಲಿ ಸೇರಿದಾಗ, ಅದರಲ್ಲೂ ಬೆವರು ಸುರಿಸಿ ನೀರು ಕಡಿಮೆ ಕುಡಿದಿರುವಾಗ, ಕಿಡ್ನಿಗೆ ಹೋಗುವ ರಕ್ತದ ಒತ್ತಡ ಕುಸಿದು ಕಿಡ್ನಿಗೆ ಏಕಾಏಕಿ ಪೆಟ್ಟಾಗಬಹುದು. ಇದು ವೈದ್ಯಲೋಕಕ್ಕೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಕೌಂಟರಿನಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: 'ಬೇರೆ ಯಾವ ಮಾತ್ರೆ ತಗೊಳ್ತಾ ಇದ್ದೀರಿ?' ಉತ್ತರ ಬಂದ ಮೇಲೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ, ವೈದ್ಯರಿಗೆ ಫೋನ್ ಮಾಡಬೇಕೇ ಎಂದು ಯೋಚಿಸಬೇಕು. ಅದೇ ರೀತಿ ಶುಗರ್ ಮಾತ್ರೆಯಾದ ಗ್ಲಿಮೆಪಿರೈಡ್ ನುಂಗಿ ತಿಂಡಿ ತಿನ್ನದೆ ಬೆಳಿಗ್ಗೆ ತೋಟಕ್ಕೆ ಇಳಿದವರಿಗೆ ಸಕ್ಕರೆ ಅಂಶ ಕುಸಿದು ತಲೆ ಸುತ್ತಬಹುದು. ಮದ್ಯ ಸೇರಿದರಂತೂ ಅಪಾಯ ಇನ್ನೂ ಹೆಚ್ಚು. 'ಊಟಕ್ಕೆ ಮುಂಚೆ' ಎಂದು ಕವರಿನ ಮೇಲೆ ಬರೆದರಷ್ಟೇ ಸಾಲದು. ಮಾತ್ರೆ ನುಂಗಿದ ಮೇಲೆ ಊಟ ತಪ್ಪಿಸಬಾರದು ಎಂದು ಬಾಯಿಬಿಟ್ಟು ಹೇಳಬೇಕು.

ಮಕ್ಕಳ ವಿಷಯದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಹನಿ ಔಷಧದಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ ಐದು ಮಿ.ಲೀ.ಗೆ 125 ಅಥವಾ 250 ಮಿಲಿಗ್ರಾಂ. ಹತ್ತು ಕಿಲೋ ತೂಕದ ಮಗುವಿಗೆ ಒಂದು ಹೊತ್ತಿಗೆ ಬೇಕಾದದ್ದು 100ರಿಂದ 150 ಮಿಲಿಗ್ರಾಂ, ಅಂದರೆ ಹನಿ ಔಷಧವಾದರೆ ಒಂದರಿಂದ ಒಂದೂವರೆ ಮಿ.ಲೀ. ಕಳೆದ ಸಲ ಸಿರಪ್ ಕೊಟ್ಟ ಅಭ್ಯಾಸದಲ್ಲಿ ತಾಯಿ ಹನಿ ಔಷಧವನ್ನೇ ಐದು ಮಿ.ಲೀ. ಅಳೆದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿಲಿಗ್ರಾಂ. ದಿನಕ್ಕೆ ನಾಲ್ಕು ಸಲ, ಎರಡು ಮೂರು ದಿನ ಹಾಗೇ ನಡೆದರೆ ಯಕೃತ್ತಿಗೆ ಗಂಭೀರ ಅಪಾಯ. ಬಾಟಲಿ ಕೊಡುವಾಗ ಅಳತೆಯ ಗೆರೆಯನ್ನು ಪೆನ್ನಿನಿಂದ ಗುರುತು ಮಾಡಿ, 'ಎಷ್ಟು ಹಾಕ್ತೀರಿ, ಒಮ್ಮೆ ತೋರಿಸಿ' ಎಂದು ಕೇಳಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕೊಡಗಿನಲ್ಲಿ ಇದು ಇನ್ನಷ್ಟು ಮುಖ್ಯ. ಇಲ್ಲಿ ಕೌಂಟರಿಗೆ ಬರುವವರು ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ, ಜೇನುಕುರುಬ ಮಾತನಾಡುವವರು. ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್, ಬಿಹಾರದಿಂದ ಬಂದ ಕುಟುಂಬಗಳೂ ಇವೆ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಟ್ಟದ್ದು ಅವರಲ್ಲಿ ಅನೇಕರಿಗೆ ಓದಲು ಬಾರದು. ತಲೆಯಾಡಿಸಿದರು ಎಂದಾಕ್ಷಣ ಅರ್ಥವಾಯಿತೆಂದು ತಿಳಿಯುವುದು ಅಪಾಯಕಾರಿ. ಹೇಳಿದ್ದನ್ನು ಅವರ ಬಾಯಲ್ಲೇ ತಿರುಗಿ ಹೇಳಿಸುವುದು, ಸೂರ್ಯ, ಚಂದ್ರ, ತಟ್ಟೆಯ ಚಿತ್ರ ಬರೆದು ಹೊತ್ತು ತೋರಿಸುವುದು ಅಭ್ಯಾಸದಿಂದ ಬರುವ ವಿದ್ಯೆ. ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಬೇಕು.

ನಾಡಿನ ಹವೆಯೂ ಪಾಠ ಬಯಸುತ್ತದೆ. ತಿಂಗಳುಗಟ್ಟಲೆ ಮಳೆ, ಒಣಗದ ಬಟ್ಟೆ, ಒಳಗೇ ಬೆವರುವ ಗಂಬೂಟು; ಮಳೆಗಾಲದಲ್ಲಿ ಹುಳುಕಡ್ಡಿ ಇಲ್ಲಿ ಮನೆಮನೆಯ ಕಾಯಿಲೆ. ಅದಕ್ಕೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹರಡುತ್ತಲೇ ಹೋಗುತ್ತದೆ, ಚರ್ಮ ತೆಳುವಾಗುತ್ತದೆ. ಇಂಥ ಹದಿನಾಲ್ಕು ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೆ ಏಕೆ ಸೇರಿಸಿದರು ಎಂದು ಅರಿಯದೆ ತರಬೇತಿ ಪಡೆಯುವವರಿಗೆ ಆ ಪಟ್ಟಿ ಇನ್ನೊಂದು ತಲೆನೋವಾಗಿಯಷ್ಟೇ ಕಾಣುತ್ತದೆ. ಗಾಳಿಮಳೆಗೆ ದಿನಗಟ್ಟಲೆ ಕರೆಂಟ್ ಹೋದಾಗ ಇನ್ಸುಲಿನ್ ಕೆಟ್ಟಿತೆಂದು ಬಿಸಾಡುವವರಿದ್ದಾರೆ, ಮಂಜುಗಡ್ಡೆಗೆ ತಾಗಿಸಿ ಇಡುವವರಿದ್ದಾರೆ. ಬಳಕೆಯಲ್ಲಿರುವ ಸಾಮಾನ್ಯ ಇನ್ಸುಲಿನ್ ಬಾಟಲಿ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಉಳಿಯುತ್ತದೆ, ಆದರೆ ಹೆಪ್ಪುಗಟ್ಟಿದರೆ ಅದು ಬಳಕೆಗೆ ಬಾರದು ಎಂದು ಹೇಳಬೇಕಾದವರು ಫಾರ್ಮಾಸಿಸ್ಟರೇ. ಈ ಕಾಡಂಚಿನ ಆದಿವಾಸಿ ಸಮುದಾಯಗಳಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ. ಅದರ ನಿರ್ಮೂಲನೆಗೆ 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಈ ಕಾಯಿಲೆಗೆ ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರಿಗೆ ಆಗಾಗ ರಕ್ತಪರೀಕ್ಷೆ ಆಗಬೇಕು, ಅಂಥವರಿಗೆ ಜ್ವರ ಬಂದರೆ ಮಾತ್ರೆ ಕೊಟ್ಟು ಕಳಿಸದೆ ಕೂಡಲೇ ಆಸ್ಪತ್ರೆಗೆ ಕಳಿಸಬೇಕು ಎಂಬುದು ಹಾಡಿಗಳ ಸುತ್ತಲಿನ ಪ್ರತಿ ಔಷಧಾಲಯಕ್ಕೂ ಗೊತ್ತಿರಬೇಕಾದ ಮಾತು.

ಹೆಸರುಗಳ ಗೊಂದಲ ಇನ್ನೊಂದು ದೊಡ್ಡ ಸಮಸ್ಯೆ. ಮೈಸೂರಿನ ಆಸ್ಪತ್ರೆಯಿಂದ ಬಿಡುಗಡೆಯಾದವರ ಪಟ್ಟಿಯಲ್ಲಿ ಬಿಪಿ ಮಾತ್ರೆಗೆ ಒಂದು ಕಂಪನಿಯ ಹೆಸರು, ಸರ್ಕಾರಿ ಆಸ್ಪತ್ರೆಯಲ್ಲೋ ಜನೌಷಧಿ ಕೇಂದ್ರದಲ್ಲೋ ಸಿಕ್ಕಿದ ಅದೇ ಮಾತ್ರೆಗೆ ಮೂಲ ಹೆಸರು. ಎರಡೂ ಬೇರೆ ಎಂದು ತಿಳಿದು ರೋಗಿ ಎರಡನ್ನೂ ನುಂಗುತ್ತಾರೆ. ಒಂದೇ ತೆರನ ಹೆಸರಿನ ಬೇರೆ ಔಷಧಗಳದ್ದು ಇದಕ್ಕೆ ವಿರುದ್ಧವಾದ ತೊಡಕು. ಫಾಲ್ಸಿಗೊ, ಫಾಲ್ಸಿಟ್ಯಾಬ್ ಎಂಬ ಮಲೇರಿಯಾ ಔಷಧಗಳ ಹೆಸರಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ, ಔಷಧಗಳ ವಿಷಯದಲ್ಲಿ ಹೆಸರಿನ ಗೊಂದಲ ಜೀವಕ್ಕೇ ಕುತ್ತು ತರಬಹುದಾದ್ದರಿಂದ ಬೇರೆ ಸರಕುಗಳಿಗಿಂತ ಕಟ್ಟುನಿಟ್ಟಿನ ಅಳತೆಗೋಲು ಬೇಕು ಎಂದಿತು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ಸಲ ತೆಗೆದುಕೊಳ್ಳುವ ಮಾತ್ರೆ. ದಿನವೂ ನುಂಗಿದರೆ ಮೂಳೆಯ ಮಜ್ಜೆ ಸೋತು ಪ್ರಾಣವೇ ಹೋಗಬಹುದು. ಅದರ ಜತೆಗೇ ಕೊಡುವ ಫೋಲಿಕ್ ಆಸಿಡ್ ಕೂಡ ಅನೇಕ ವೇಳೆ ಅದರಂತೆಯೇ ಹಳದಿಯ ಪುಟ್ಟ ಮಾತ್ರೆ. ಕವರಿನ ಮೇಲೆ ವಾರದ ಹೆಸರನ್ನೇ ಬರೆದು, ಒಂದು ತಿಂಗಳಿಗೆ ನಾಲ್ಕು ದಿನದ ಮಾತ್ರೆಗಿಂತ ಹೆಚ್ಚು ಕೊಡದೆ ಕಳಿಸುವುದು ಕಷ್ಟದ ಕೆಲಸವೇನಲ್ಲ. ಏಕೆ ಹಾಗೆ ಮಾಡಬೇಕು ಎಂಬುದು ಗೊತ್ತಿರಬೇಕಷ್ಟೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ಔಷಧದ ಹೊಣೆ ವೈದ್ಯರದ್ದು, ಫಾರ್ಮಾಸಿಸ್ಟ್ ನಡುವೆ ಬಂದರೆ ಗೊಂದಲವಾಗುತ್ತದೆ ಎಂಬುದು. ವೈದ್ಯರ ಹೊಣೆಯನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಮೈಸೂರಿನ ವೈದ್ಯರಿಗೆ ಮಂಗಳೂರಿನ ಚೀಟಿ ಕಾಣುವುದಿಲ್ಲ, ರೋಗಿ ತಾನಾಗಿ ಕೊಂಡ ನೋವಿನ ಮಾತ್ರೆ ಇಬ್ಬರಿಗೂ ಕಾಣುವುದಿಲ್ಲ. ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಹಿರಿಯ ಫಾರ್ಮಾಸಿಸ್ಟರೊಬ್ಬರು ವೈದ್ಯರ ಜತೆ ರೋಗಿಗಳ ಬಳಿಗೆ ಸುತ್ತತೊಡಗಿದಾಗ, ಔಷಧ ಬರೆಯುವ ಹಂತದ ತಪ್ಪುಗಳಿಂದಾಗುವ ಹಾನಿ ಮೂರನೇ ಎರಡು ಭಾಗದಷ್ಟು ಇಳಿಯಿತು ಎಂದು 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅವರು ಕೊಟ್ಟ 366 ಸಲಹೆಗಳಲ್ಲಿ 362ನ್ನು ವೈದ್ಯರು ಒಪ್ಪಿಕೊಂಡರು. ತಿಳಿದು ಮಾತನಾಡುವ ಸಹೋದ್ಯೋಗಿಯನ್ನು ವೈದ್ಯರು ಅಡ್ಡಿ ಎಂದು ನೋಡುವುದಿಲ್ಲ. ಆ ಘಟಕವೂ ನಮ್ಮ ಸಣ್ಣ ಪಟ್ಟಣದ ಅಂಗಡಿಯೂ ಒಂದೇ ಅಲ್ಲ, ನಿಜ. ಆದರೆ ಎರಡೂ ಕಡೆ ನಡೆಯುವ ಕೆಲಸದ ತಿರುಳು ಒಂದೇ: ಬರೆದದ್ದನ್ನು ಇನ್ನೊಂದು ಜೊತೆ ಕಣ್ಣು ನೋಡುವುದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸಂತೆಯ ದಿನ ಅಂಗಡಿ ತುಂಬ ಜನ, ಲಾಭ ಕಡಿಮೆ, ಸಂಬಳ ಇನ್ನೂ ಕಡಿಮೆ. ಒಬ್ಬೊಬ್ಬರ ಜತೆ ಹತ್ತು ನಿಮಿಷ ಮಾತನಾಡುತ್ತ ನಿಂತರೆ ವ್ಯಾಪಾರ ನಡೆಯುವುದಿಲ್ಲ ಎನ್ನುತ್ತಾರೆ ಅಂಗಡಿಯವರು. ಎಲ್ಲರಿಗೂ ಹತ್ತು ನಿಮಿಷ ಬೇಕಿಲ್ಲ. ಯಾರಿಗೆ ಬೇಕು ಎಂದು ಗುರುತಿಸುವುದೇ ಕ್ಲಿನಿಕಲ್ ಜ್ಞಾನ. ವಾರ್ಫರಿನ್, ಇನ್ಸುಲಿನ್, ಮೆಥೊಟ್ರೆಕ್ಸೇಟ್ ಕೈಗೆತ್ತಿಕೊಂಡಾಗ, ಬಸುರಿ ಅಥವಾ ಮಗುವಿನ ಚೀಟಿ ಬಂದಾಗ, ಐದಕ್ಕಿಂತ ಹೆಚ್ಚು ಔಷಧ ಇದ್ದಾಗ ನಿಲ್ಲಬೇಕು. ಉಳಿದಂತೆ ಎರಡು ಮಾತು ಸಾಕು. ಸಂಬಳದ ದೂರು ಮಾತ್ರ ಪೂರ್ತಿ ನ್ಯಾಯವಾದದ್ದು. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರುವ ಪದ್ಧತಿ ಇರುವವರೆಗೆ ಕೌಂಟರಿನಲ್ಲಿ ನಿಂತು ದುಡಿಯುವವರ ಬೆಲೆ ಏರುವುದಿಲ್ಲ. ಗೋಡೆಯ ಮೇಲೆ ಯಾರ ಹೆಸರಿದೆಯೋ ಅವರೇ ಅಂಗಡಿಯಲ್ಲಿರಬೇಕು ಎಂಬ ನಿಯಮವನ್ನು ಔಷಧ ನಿಯಂತ್ರಣ ಇಲಾಖೆ ಬಿಗಿಯಾಗಿ ಜಾರಿ ಮಾಡಿದರೆ ವೃತ್ತಿಗೆ ಗೌರವವೂ ಸಂಬಳವೂ ಒಟ್ಟಿಗೇ ಬಂದಾವು.

ಹೆಚ್ಚು ಕಲಿಸಿದರೆ ಫಾರ್ಮಾಸಿಸ್ಟರು ತಾವೇ ಡಾಕ್ಟರಾಗಿಬಿಡುತ್ತಾರೆ ಎಂಬ ಭಯವೂ ಇದೆ. ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೊಡುವುದು, 'ಜ್ವರಕ್ಕೊಂದು ಸೆಟ್' ಎಂದು ನಾಲ್ಕು ಬಗೆಯ ಮಾತ್ರೆ ಕಟ್ಟಿಕೊಡುವುದು ಇಂದೂ ನಡೆಯುತ್ತಿದೆಯಲ್ಲ? ಅಪಾಯ ಗೊತ್ತಿಲ್ಲದವರ ಧೈರ್ಯ ಅದು. ಯಾವ ಜ್ವರ ಎರಡು ದಿನ ಕಾಯಬಹುದು, ಯಾವುದು ಕಾಯಬಾರದು ಎಂದು ಕಲಿತವರು ಆಸ್ಪತ್ರೆಗೆ ಹೋಗಿ ಎಂದು ಮೊದಲು ಹೇಳುತ್ತಾರೆ. ಇನ್ನು ಕಂಪ್ಯೂಟರ್, ಮೊಬೈಲ್ ಆ್ಯಪ್‌ಗಳೇ ಎಚ್ಚರಿಕೆ ಕೊಡುವಾಗ ಇಷ್ಟು ತರಬೇತಿ ಏಕೆ ಎನ್ನುವವರಿಗೆ ಒಂದು ಮಾತು. ತಂತ್ರಾಂಶ ತನಗೆ ತುಂಬಿಕೊಟ್ಟ ಪಟ್ಟಿಯನ್ನಷ್ಟೇ ಪರೀಕ್ಷಿಸುತ್ತದೆ. ರೋಗಿಯ ಚೀಲದಲ್ಲಿರುವ ಬೇರೆ ಆಸ್ಪತ್ರೆಯ ಮಾತ್ರೆಯನ್ನು ಹೊರಗೆ ತೆಗೆಸುವವರು ಮನುಷ್ಯರೇ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಡಬೇಕಾಯಿತು. ಅಂಥ ಹೊತ್ತಿನಲ್ಲಿ ಚೀಟಿಯೂ ಇಲ್ಲ, ಮಾತ್ರೆಯೂ ಇಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಪರಿಹಾರ ಕೇಂದ್ರದಲ್ಲಿ ಕುಳಿತವರನ್ನು ಮಾತನಾಡಿಸಿ, ಅವರು ಯಾವ ಔಷಧ ತೆಗೆದುಕೊಳ್ಳುತ್ತಿದ್ದರು, ಯಾವುದನ್ನು ಒಂದು ದಿನವೂ ತಪ್ಪಿಸುವಂತಿಲ್ಲ ಎಂದು ಪತ್ತೆಹಚ್ಚಿ ವೈದ್ಯರಿಗೆ ಹೇಳಬಲ್ಲವರು ಈ ಜಿಲ್ಲೆಗೆ ಬೇಕು.

ಇದಕ್ಕೆ ಹೊಸ ಕಾಯ್ದೆಯ ಅಗತ್ಯವಿಲ್ಲ. 500 ಗಂಟೆಗಳ ತರಬೇತಿಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಪಡೆಯಲು ಈಗಿನ ನಿಯಮವೇ ಅವಕಾಶ ಕೊಡುತ್ತದೆ. ರೋಗಿಗಳ ಹಾಸಿಗೆಯ ಬಳಿ ನಿಂತು ಔಷಧದ ವಿದ್ಯೆ ಕಲಿಸುವ ಸ್ನಾತಕೋತ್ತರ ಶಿಕ್ಷಣವನ್ನು ದೇಶದಲ್ಲೇ ಮೊದಲಿಗೆ, 1990ರ ದಶಕದಲ್ಲೇ ಆರಂಭಿಸಿದ ಕಾಲೇಜುಗಳಲ್ಲೊಂದಾದ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಇರುವುದು ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿನಲ್ಲಿ. 2008ರಿಂದ ದೇಶದಲ್ಲಿ ಆರು ವರ್ಷದ ಫಾರ್ಮ್.ಡಿ ಪದವಿಯೂ ನಡೆಯುತ್ತಿದೆ. ಇಂಥ ಶಿಕ್ಷಣ ಪಡೆದವರನ್ನು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ತಾಲ್ಲೂಕು ಆಸ್ಪತ್ರೆಗಳಿಗೂ ಬೋಧಕ ಫಾರ್ಮಾಸಿಸ್ಟರಾಗಿ ನೇಮಿಸಬೇಕು. ಕೊಡಗಿನಲ್ಲಿ ತರಬೇತಿ ಪಡೆಯುವ ಪ್ರತಿಯೊಬ್ಬರೂ 500 ಗಂಟೆಗಳಲ್ಲಿ ಕನಿಷ್ಠ 150 ಗಂಟೆಗಳನ್ನು ಅವರ ಕೈಕೆಳಗೆ ವಾರ್ಡು ಮತ್ತು ಹೊರರೋಗಿ ವಿಭಾಗದಲ್ಲಿ ಕಳೆಯಬೇಕು. ಎಷ್ಟು ಗಂಟೆ ನಿಂತರು ಎಂಬ ಸಹಿಯ ಬದಲು, ಎಷ್ಟು ರೋಗಿಗಳ ಔಷಧ ಪಟ್ಟಿಯನ್ನು ಒಟ್ಟುಗೂಡಿಸಿ ನೋಡಿದರು, ಯಾವ ತೊಡಕು ಕಂಡರು, ವೈದ್ಯರಿಗೆ ಏನು ತಿಳಿಸಿದರು ಎಂಬುದು ಅವರ ತರಬೇತಿ ಪುಸ್ತಕದಲ್ಲಿ ದಾಖಲಾಗಬೇಕು. ಔಷಧದ ದುಷ್ಪರಿಣಾಮಗಳನ್ನು ವರದಿ ಮಾಡಲು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ, 1800-180-3024 ಎಂಬ ಉಚಿತ ಸಹಾಯವಾಣಿಯೂ ಇದೆ. ತರಬೇತಿ ಮುಗಿಯುವುದರೊಳಗೆ ಪ್ರತಿಯೊಬ್ಬರೂ ಒಂದಾದರೂ ನಿಜವಾದ ಪ್ರಕರಣ ಗುರುತಿಸಿ ವರದಿ ಬರೆದಿರಬೇಕು. ರೋಗಿಗಳೂ ಒಂದು ಅಭ್ಯಾಸ ಮಾಡಿಕೊಳ್ಳಬೇಕು: ಯಾವ ಊರಿನ ಆಸ್ಪತ್ರೆಗೆ ಹೋದರೂ, ಯಾವ ಅಂಗಡಿಗೆ ಹೋದರೂ ಮನೆಯಲ್ಲಿರುವ ಎಲ್ಲ ಔಷಧಗಳನ್ನು ಒಂದು ಚೀಲದಲ್ಲಿ ಕೊಂಡೊಯ್ದು ತೋರಿಸಬೇಕು.

ಕೊಡಗಿಗೆ ದೊಡ್ಡ ಆಸ್ಪತ್ರೆ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಅದಕ್ಕೆ ಹಣ, ಜಾಗ, ತಜ್ಞರು, ವರ್ಷಗಳು ಬೇಕು. ಫಾರ್ಮಾಸಿಸ್ಟರ ತರಬೇತಿಯನ್ನು ಸರಿಪಡಿಸಲು ಬೇಕಾದ ನಿಯಮ, ಪಠ್ಯ, ಆಸ್ಪತ್ರೆ, ಬೋಧಕರು ಎಲ್ಲವೂ ನಮ್ಮ ಸುತ್ತಲೇ ಇವೆ. ಜಿಲ್ಲಾ ಆರೋಗ್ಯ ಇಲಾಖೆ, ವೈದ್ಯಕೀಯ ಕಾಲೇಜು, ಔಷಧ ನಿಯಂತ್ರಣ ಇಲಾಖೆ, ಔಷಧ ವ್ಯಾಪಾರಿಗಳು ಒಮ್ಮೆ ಕೂತು ಮಾತನಾಡಿದರೆ ಮುಂದಿನ ಶೈಕ್ಷಣಿಕ ವರ್ಷದಲ್ಲೇ ಇದನ್ನು ಆರಂಭಿಸಬಹುದು. ನಮ್ಮ ರೋಗಿಗಳು ದೂರದೂರಿಗೆ ಹೋಗುವುದು ಇನ್ನೂ ಕೆಲವು ವರ್ಷ ತಪ್ಪಲಾರದು. ಅಲ್ಲಿಂದ ತಂದ ಔಷಧಗಳನ್ನು ಊರಿನಲ್ಲೇ ಒಬ್ಬರು ಅರಿತು ನೋಡುತ್ತಾರೆ ಎಂಬ ಭರವಸೆಯನ್ನಾದರೂ ಅವರಿಗೆ ಈಗಲೇ ಕೊಡಬಹುದು, ಕೊಡಬೇಕು.